‘ದಿ ಲಾಸ್ಟ್ ಎಂಪರರ್’ ಸಿನಿಮಾದಲ್ಲಿ ಜೈಲಿನ ಅಧಿಕಾರಿಯಾಗಿ ನಟಿಸಿದವರು ಯಾರು? ಅವರು ನಾಟಕದ ಮೇಷ್ಟ್ರೂ ಆಗಿದ್ದರಂತೆ, ನಿಜವಾ?

ನಿಜ. ಅವರ ಹೆಸರು ಯಿಂಗ್ ರುವೋಚೆಂಗ್. ಚೀನಾದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಹಾಗಾಗಿ ಯಿಂಗ್ ಅಂತಲೇ ಬರೆಯುತ್ತೇನೆ. ನಾನು ಒಂದು ಹವ್ಯಾಸಿ ತಂಡಕ್ಕೆ ಬೇರೆ ಭಾಷೆಯ ನಾಟಕಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಅದಕ್ಕೇ ಈ ಮನುಷ್ಯನ ಮೇಲೆ ನನಗೆ ಪ್ರೀತಿ ಜಾಸ್ತಿ. ನೀವು ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೇಳುತ್ತೇನೆ.

1929ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದರು. ಮಂಚೂ ಜನಾಂಗದ ಮನೆತನ, ಧರ್ಮದಲ್ಲಿ ಕ್ಯಾಥೊಲಿಕ್. ಅಜ್ಜ ‘ತಾ ಕುಂಗ್ ಪಾವೊ’ ಪತ್ರಿಕೆ ಶುರು ಮಾಡಿದವರು, ಫೂ ಜೆನ್ ವಿಶ್ವವಿದ್ಯಾಲಯ ಕಟ್ಟಿದವರಲ್ಲಿ ಒಬ್ಬರು. ಅಪ್ಪ ಅಲ್ಲೇ ಪ್ರಾಧ್ಯಾಪಕರು. 1949ರಲ್ಲಿ ಕಮ್ಯುನಿಸ್ಟರು ಗೆದ್ದಾಗ ಅಪ್ಪ ತೈವಾನ್‌ಗೆ ಹೋದರು, ಮಗ ಬೀಜಿಂಗ್‌ನಲ್ಲೇ ಉಳಿದರು. ಇಬ್ಬರೂ ಮತ್ತೆ ಭೇಟಿಯಾಗಲೇ ಇಲ್ಲ.

ತಿಯಾಂಜಿನ್ ನಗರದ ಮಿಷನರಿ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅವರ ಬದುಕನ್ನೇ ರೂಪಿಸಿತು. ಚಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ವಿದೇಶಿ ಸಾಹಿತ್ಯ ಓದಿದರು. 1950ರಲ್ಲಿ ಬೀಜಿಂಗ್ ಪೀಪಲ್ಸ್ ಆರ್ಟ್ ಥಿಯೇಟರ್ ಸೇರಿದರು. ಹೆಂಡತಿ ವೂ ಶಿಲಿಯಾಂಗ್ ಕೂಡ ಅದೇ ತಂಡ ಸೇರಿದರು. ನಟನೆ ಕಲಿಯುವ ವಯಸ್ಸಿನಲ್ಲೇ ಯಿಂಗ್, ಶೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕಕ್ಕೆ ರಷ್ಯಾದ ರಂಗ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ಬರೆದಿಟ್ಟಿದ್ದ ನಿರ್ದೇಶನದ ಟಿಪ್ಪಣಿಗಳನ್ನು ಚೀನೀ ಭಾಷೆಗೆ ತಂದರು. ಒಂದೊಂದು ಮಾತಿನ ಹಿಂದೆ ನಟನ ಮನಸ್ಸಿನಲ್ಲಿ ಏನು ನಡೆಯುತ್ತಿರಬೇಕು ಎಂದು ಬಿಡಿಸಿ ಹೇಳುವ ಟಿಪ್ಪಣಿಗಳು ಅವು. ಅನುವಾದ ಮಾಡುವವನಿಗೆ ಅದಕ್ಕಿಂತ ಒಳ್ಳೆಯ ನಟನೆಯ ಪಾಠ ಇನ್ನೇನಿದೆ?

1958ರಲ್ಲಿ ಲಾವೊ ಶೆ ಬರೆದ ‘ಟೀಹೌಸ್’ ರಂಗಕ್ಕೆ ಬಂತು. ಬೀಜಿಂಗ್‌ನ ಒಂದು ಚಹಾ ಅಂಗಡಿಯಲ್ಲಿ ಸುಮಾರು ಐವತ್ತು ವರ್ಷಗಳ ಚೀನಾ ಹಾದುಹೋಗುವ ನಾಟಕ ಅದು. ಯಿಂಗ್ ಅದರಲ್ಲಿ ಬಡವರ ಹೆಣ್ಣುಮಕ್ಕಳನ್ನು ಮಾರಿಸುವ ದಲ್ಲಾಳಿ, ಸಿಡುಬಿನ ಕಲೆಯ ಲಿಯು. ಆಮೇಲೆ ಅವನ ಮಗನ ಪಾತ್ರವೂ ಅವರದ್ದೇ. 1980ರಲ್ಲಿ ಈ ನಾಟಕ ಪಶ್ಚಿಮ ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗೂ ಹೋಯಿತು. ಅದನ್ನು ಇಂಗ್ಲಿಷ್‌ಗೆ ತಂದವರಲ್ಲಿ ಅವರೂ ಒಬ್ಬರು.

1958ರ ಪ್ರಯೋಗಕ್ಕೂ 1980ರ ಪ್ರವಾಸಕ್ಕೂ ನಡುವೆ ಸಾಂಸ್ಕೃತಿಕ ಕ್ರಾಂತಿ ಬಂತು, ಅಂದರೆ ಮಾವೊ ಕಾಲದಲ್ಲಿ ಕಲಾವಿದರನ್ನು, ಓದಿದವರನ್ನು ಶತ್ರುಗಳಂತೆ ಕಂಡ ಚಳವಳಿ. 1968ರಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಬಂಧಿಸಿದರು. ಯಿಂಗ್ ಮೂರು ವರ್ಷ ಜೈಲಿನಲ್ಲಿದ್ದರು. ಅಲ್ಲಿ ಅವರು ಸುಮ್ನೆ ಕೂರಲಿಲ್ಲ. ಜೊತೆಗಿದ್ದ ಕೈದಿಗಳ ಹತ್ತಿರ ಅವರವರ ಕಸುಬಿನ ಬಗ್ಗೆ ಕೇಳಿ ತಿಳಿದುಕೊಂಡರು. ನಟನೊಬ್ಬ ಜನರನ್ನು ಹೀಗೆ ಕಿವಿಗೊಟ್ಟು ಕೇಳಿಸಿಕೊಂಡರೆ ಅದು ಒಂದಲ್ಲ ಒಂದು ದಿನ ರಂಗದ ಮೇಲೆ ಬಂದೇ ಬರುತ್ತದೆ, ಅಲ್ವಾ?

ಈಗ ನನಗೆ ಅತ್ಯಂತ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. 1983ರಲ್ಲಿ ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಬೀಜಿಂಗ್‌ಗೆ ಬಂದು ತಮ್ಮ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕವನ್ನು ಚೀನೀ ನಟರಿಂದ ಆಡಿಸಿದರು. ಇಂಗ್ಲಿಷ್ ಸಾಹಿತ್ಯ ಓದಿದ ಅನೇಕರಿಗೆ ಈ ನಾಟಕ ಗೊತ್ತಿರುತ್ತದೆ. ಅದನ್ನು ಅನುವಾದಿಸಿದವರು ಯಿಂಗ್, ಅದರ ಮುಖ್ಯ ಪಾತ್ರವಾದ ಸೇಲ್ಸ್‌ಮನ್ ವಿಲ್ಲಿ ಲೋಮನ್ ಆಗಿ ನಿಂತವರೂ ಯಿಂಗ್. ಊರೂರು ತಿರುಗಿ ಮಾಲು ಮಾರುವ ಸೇಲ್ಸ್‌ಮನ್ ಆಗಿನ ಚೀನಾದಲ್ಲಿ ಇರಲಿಲ್ಲ. ಜೀವವಿಮೆಯ ಹಣಕ್ಕಾಗಿ ಒಬ್ಬ ಅಪ್ಪ ಸಾಯಲು ಹೊರಡುವುದು ಅಲ್ಲಿನ ಪ್ರೇಕ್ಷಕರಿಗೆ ಹೇಗೆ ಅರ್ಥವಾಗಬೇಕು? ಅದರ ಮೇಲೆ, ಪಾಶ್ಚಾತ್ಯರ ಪಾತ್ರ ಅಂದರೆ ಹೊಂಬಣ್ಣದ ವಿಗ್ ಹಾಕಿ, ಮೂಗು ಉದ್ದ ಮಾಡಿಕೊಳ್ಳುವ ಪದ್ಧತಿ ಅಲ್ಲಿತ್ತು. ಮಿಲ್ಲರ್ ಅದನ್ನೆಲ್ಲ ಬೇಡ ಅಂದರು. ಅಮೆರಿಕದವರ ಅನುಕರಣೆ ಬಿಟ್ಟು, ನೀವು ನೀವಾಗಿಯೇ ಆಡಿ ಅನ್ನುವುದು ಅವರ ಹಟ. ಯಿಂಗ್ ಅನುವಾದವೂ ಅದೇ ದಾರಿಯದ್ದು. ಪುಸ್ತಕದ ಭಾಷೆ ಬಿಟ್ಟು, ಬೀಜಿಂಗ್ ಜನ ಮನೆಯಲ್ಲಿ ಆಡುವ ಮಾತಿನಲ್ಲಿ ಬರೆದರು. ನಟ ಒಂದೇ ಉಸಿರಿನಲ್ಲಿ ಹೇಳಬಹುದಾದ, ಪ್ರೇಕ್ಷಕನಿಗೆ ಕೇಳಿದ ಕ್ಷಣದಲ್ಲೇ ತಿಳಿಯುವ ಮಾತು. ಓದುವವನು ಹಿಂದಿನ ಪುಟಕ್ಕೆ ಹೋಗಬಹುದು, ನಾಟಕ ನೋಡುವವನಿಗೆ ಆ ಸೌಲಭ್ಯ ಇಲ್ಲ. ಮೇ ತಿಂಗಳಲ್ಲಿ ನಾಟಕ ಶುರುವಾಯಿತು, ಜನ ಒಪ್ಪಿಕೊಂಡರು. ಅಪ್ಪ ಮಗನ ಜಗಳ, ಮಗ ದೊಡ್ಡವನಾಗಬೇಕು ಅನ್ನುವ ಆಸೆ ಅವರಿಗೆ ತಮ್ಮದೇ ಮನೆಯದ್ದಾಗಿತ್ತು. ರಂಗಕ್ಕೆ ಅನುವಾದ ಮಾಡುವ ಯಾರಾದರೂ ಈ ಪ್ರಯೋಗದ ಕತೆಯನ್ನು ತಿಳಿದುಕೊಳ್ಳಲೇಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮೇಷ್ಟ್ರ ವಿಷಯ. ಇದಕ್ಕೆ ಸ್ವಲ್ಪ ಮುಂಚೆ, 1982ರಲ್ಲಿ, ಅವರು ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿರುವ ಮಿಸ್ಸೌರಿ ವಿಶ್ವವಿದ್ಯಾಲಯಕ್ಕೆ ಸಂದರ್ಶಕ ಪ್ರಾಧ್ಯಾಪಕರಾಗಿ ಹೋಗಿ ನಾಟಕ ಕಲಿಸಿದರು. ಅಲ್ಲಿನ ವಿದ್ಯಾರ್ಥಿಗಳ ಜೊತೆ ‘ಫ್ಯಾಮಿಲಿ’ ಎಂಬ ಚೀನೀ ನಾಟಕವನ್ನು ಇಂಗ್ಲಿಷ್‌ನಲ್ಲಿ ಆಡಿಸಿದರು. ಬೀಜಿಂಗ್‌ನಲ್ಲಿ ಚೀನಿಯರು ಮಿಲ್ಲರ್ ನಾಟಕದಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಒಂದು ಕುಟುಂಬವಾಗುವುದಕ್ಕೆ ಮೊದಲೇ, ಅಮೆರಿಕದ ಹುಡುಗರು ಇವರ ಕೈಯಲ್ಲಿ ಚೀನಾದ ಒಂದು ಕೂಡುಕುಟುಂಬವಾಗಿದ್ದರು! ಅವರ ಅನುವಾದ, ನಟನೆ, ಪಾಠ ಎಲ್ಲ ನನಗೆ ಒಂದೇ ಕೆಲಸದ ಹಾಗೆ ಕಾಣುತ್ತವೆ. ಬೇರೆಯವರ ಮಾತು ಈ ಬಾಯಲ್ಲಿ ಸಹಜವಾಗಿ ಬರಬೇಕು, ಅಷ್ಟೇ.

ಸಿನಿಮಾ, ಟಿವಿ ಕಡೆ, ಅದೇ 1982ರಲ್ಲಿ ‘ಮಾರ್ಕೊ ಪೋಲೊ’ ಟಿವಿ ಸರಣಿಯಲ್ಲಿ ಕುಬ್ಲಾಯ್ ಖಾನ್ ಆದರು. 1986ರಿಂದ 1990ರವರೆಗೆ ಸಂಸ್ಕೃತಿ ಖಾತೆಯ ಉಪಮಂತ್ರಿ. ನೀವು ಕೇಳಿದ ಸಿನಿಮಾ ಬಂದದ್ದು 1987ರಲ್ಲಿ, ಅಂದರೆ ಅಧಿಕಾರದಲ್ಲಿದ್ದಾಗಲೇ. ಕೊನೆಯ ಭಾಗ ನೆನಪಿದೆಯಾ? ಸಾಂಸ್ಕೃತಿಕ ಕ್ರಾಂತಿಯ ಯುವ ಪಡೆಯಾದ ರೆಡ್ ಗಾರ್ಡ್‌ಗಳು ಆ ಜೈಲಿನ ಅಧಿಕಾರಿಯನ್ನು ಬೀದಿಯಲ್ಲಿ ಅವಮಾನ ಮಾಡುತ್ತಾ ಎಳೆದುಕೊಂಡು ಹೋಗುತ್ತಾರೆ. ಅವರ ಕೈಕೆಳಗೆ ಕೈದಿಯಾಗಿದ್ದ, ಚೀನಾದ ಕೊನೆಯ ಚಕ್ರವರ್ತಿ ಪೂಯಿ ಅಡ್ಡ ಬಂದು, ಇವರು ಒಳ್ಳೆಯ ಗುರುಗಳು ಎಂದು ಗೋಗರೆಯುತ್ತಾನೆ. ಆ ದೃಶ್ಯದಲ್ಲಿ ತಲೆ ತಗ್ಗಿಸಿ ನಡೆಯುವ ಯಿಂಗ್, ಅದೇ ಕ್ರಾಂತಿಯಲ್ಲಿ ನಿಜವಾಗಿ ಜೈಲು ಸೇರಿದ್ದವರು. ಇದು ಗೊತ್ತಾದ ಮೇಲೆ ಆ ದೃಶ್ಯವನ್ನು ನಾನು ಮೊದಲಿನ ಹಾಗೆ ನೋಡಲು ಆಗಿಲ್ಲ.

1993ರ ‘ಲಿಟಲ್ ಬುದ್ಧ’ ಸಿನಿಮಾದಲ್ಲಿ ಅವರು ಲಾಮಾ ನೋರ್ಬು. ಆಮೇಲೆ ಕಾಯಿಲೆ ಬಿಡಲಿಲ್ಲ. 2003ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಕ್ಲೇರ್ ಕಾನ್ಸಿಸನ್ ಎಂಬ ವಿದ್ವಾಂಸೆಗೆ ತಮ್ಮ ಬದುಕಿನ ಕತೆಯನ್ನು ಇಂಗ್ಲಿಷ್‌ನಲ್ಲೇ ಹೇಳಿದ್ದರು. 2009ರಲ್ಲಿ ಅದು ‘ವಾಯ್ಸಸ್ ಕ್ಯಾರಿ’ ಎಂಬ ಪುಸ್ತಕವಾಗಿ ಬಂತು. ಸಿನಿಮಾ ನೀವು ಆಗಲೇ ನೋಡಿರುವುದರಿಂದ, ಮುಂದೆ ಈ ಪುಸ್ತಕವನ್ನೇ ಓದಿ. ಮೊದಲು ಜೈಲಿನ ಭಾಗ ಓದಿ, ಆಮೇಲೆ ಸಿನಿಮಾ ಇನ್ನೊಮ್ಮೆ ನೋಡಿ.