ಈಜು ಪಾಠಕ್ಕೆ ಮೂರು ಸುಳ್ಳು ಚೀಟಿ

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ದಕ್ಷಿಣ ಕನ್ನಡದ ಬ್ಯಾರಿ ಮುಸ್ಲಿಂ ಕುಟುಂಬ. ಗಂಡ ಸಾಫ್ಟ್‌ವೇರ್ ಕೆಲಸಕ್ಕೆಂದು ಬ್ಲೂ ಕಾರ್ಡ್ (ಪರಿಣತ ಕೆಲಸಗಾರರ ವಾಸದ ಪರವಾನಗಿ) ಮೇಲೆ ಜರ್ಮನಿಗೆ ಹೋದವರು. ಹೆಂಡತಿ ಮನೆಯಲ್ಲಿ, ಜರ್ಮನ್ ಬಾರದು. ಮಗಳಿಗೆ 11, ಐದನೇ ತರಗತಿ. ಹುಡುಗ ಹುಡುಗಿಯರಿಗೆ ಒಟ್ಟಿಗೇ ಇರುವ ಈಜು ಪಾಠಕ್ಕೆ ಮೂರು ವಾರ 'ಹೊಟ್ಟೆನೋವು' ಎಂಬ ಚೀಟಿ ಹೋಯಿತು. ನಾಲ್ಕನೇ ವಾರ ಶಾಲೆಯಿಂದ ಪತ್ರ ಬಂತು. ತಾಯಿಗೆ ಅದನ್ನು ಓದಿ ಹೇಳಿದವಳು ಮಗಳೇ. ಇನ್ನು ಡಾಕ್ಟರ ಸರ್ಟಿಫಿಕೇಟ್ ಬೇಕು ಎಂಬ ಸಾಲನ್ನು ಮಾತ್ರ ನುಂಗಿದಳು. ಅದು ಬಯಲಾದ ದಿನ ಮನೆಯಲ್ಲಿ ದೊಡ್ಡ ಜಗಳ. ಆಮೇಲೆ ಹುಡುಗಿ ಸರಿಯಾಗಿ ಉಣ್ಣಲಿಲ್ಲ, ಹಾಗಾಗಿ ವಿಡಿಯೊ ಕರೆಯಲ್ಲಿ ಸಲಹೆಗಾರರಾದ ನಮ್ಮ ಬಳಿ ಬಂದರು.

ತಂದೆ ಕೇಳಿದ್ದು ಒಂದೇ: ಧರ್ಮದ ಕಾರಣಕ್ಕೆ ಈಜು ಪಾಠದಿಂದ ವಿನಾಯಿತಿ ಸಿಗುತ್ತದೆಯೇ? ಇದಕ್ಕೆ ನೇರ ಉತ್ತರವನ್ನೇ ಕೊಡಬೇಕು: ಸಿಗುವುದು ತೀರಾ ಕಷ್ಟ. 2013ರಲ್ಲಿ ಜರ್ಮನಿಯ ಫೆಡರಲ್ ಆಡಳಿತ ನ್ಯಾಯಾಲಯ ಫ್ರಾಂಕ್‌ಫರ್ಟಿನ ವಿದ್ಯಾರ್ಥಿನಿಯೊಬ್ಬಳ ಇಂಥದೇ ಪ್ರಕರಣದಲ್ಲಿ, ಬುರ್ಕಿನಿ (ಮೈ, ತಲೆ ಮುಚ್ಚುವ ಈಜುಡುಗೆ) ತೊಟ್ಟು ಪಾಠಕ್ಕೆ ಬರಬಹುದು, ಆದ್ದರಿಂದ ವಿನಾಯಿತಿ ಇಲ್ಲ ಎಂದಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಇಂಥದೇ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 2017ರಲ್ಲಿ ಶಾಲೆಯ ಪರವಾಗಿಯೇ ತೀರ್ಪಿತ್ತಿತು. ಸೋಲು ಎಂದು ತಂದೆಗೆ ಅನಿಸಿದ ಆ ಜರ್ಮನ್ ತೀರ್ಪಿನಲ್ಲೇ ಅವರ ದಾರಿಯೂ ಇತ್ತು: ಮೈಮುಚ್ಚುವ ಈಜುಡುಗೆ. ಅದು ಧರ್ಮಕ್ಕೆ ಒಪ್ಪುತ್ತದೆಯೇ ಎಂದು ಹೇಳುವುದು ಸಲಹೆಗಾರರ ಕೆಲಸವಲ್ಲ. ತಾವು ನಂಬುವ ಉಸ್ತಾದರನ್ನು ಕೇಳಿಕೊಂಡು ಬನ್ನಿ ಎಂದೆವು.

ಹುಡುಗಿಯೊಂದಿಗೆ ಬೇರೆಯಾಗಿ ಮಾತಾಡಿದಾಗ ಗಂಟು ಬಿಚ್ಚಿತು. ಅವಳಿಗೆ ಈಜುವ ಆಸೆ ಇತ್ತು. "ನಾನೊಬ್ಬಳೇ ಹಾಗೆ ಹಾಕ್ಕೊಂಡ್ರೆ ನಗ್ತಾರೆ. ಹಾಕ್ಕೊಳ್ಳದಿದ್ರೆ ಉಮ್ಮ ಅಳ್ತಾರೆ" ಎಂದಳು. ಶಾಲೆಯ ಮಾತು ಮನೆಗೆ, ಮನೆಯ ಮಾತು ಶಾಲೆಗೆ ಹೊರುವ ಕೆಲಸ ಅವಳ ತಲೆಗೆ ಬಿದ್ದಿತ್ತು. ವಲಸೆ ಕುಟುಂಬಗಳಲ್ಲಿ ಇದು ಪದೇ ಪದೇ ಕಾಣುವ ತಪ್ಪು. ಮಕ್ಕಳು ಭಾಷೆ ಬೇಗ ಕಲಿಯುತ್ತಾರೆ, ದೊಡ್ಡವರು ಅವರನ್ನೇ ದುಭಾಷಿ ಮಾಡಿಕೊಳ್ಳುತ್ತಾರೆ. ಕೆಟ್ಟ ಸುದ್ದಿಯನ್ನು ಮಗು ಅರ್ಧಕ್ಕೇ ನಿಲ್ಲಿಸುತ್ತದೆ.

ಮೊದಲ ಸಲಹೆ, ಶಾಲೆಯ ಪತ್ರವನ್ನು ಇನ್ನು ಮಗಳು ಓದಿ ಹೇಳಬಾರದು. ಅದೇ ದಿನ ರಾತ್ರಿ ತಂದೆಯೇ ಓದಬೇಕು. ಎರಡನೆಯದು, ಕ್ಲಾಸ್ ಟೀಚರಿಗೆ ಐದಾರು ಸಾಲಿನ ಪತ್ರ: ಹೊಟ್ಟೆನೋವು ನಿಜವಲ್ಲ, ಕ್ಷಮಿಸಿ, ಮಗಳು ಬುರ್ಕಿನಿ ತೊಟ್ಟು ಬರುತ್ತಾಳೆ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಬೇಕು, ಯಾರಾದರೂ ಅಣಕಿಸಿದರೆ ನಮಗೆ ತಿಳಿಸಿ. ಸುಳ್ಳನ್ನು ಒಪ್ಪಿಕೊಳ್ಳುವ ಸಾಲು ತಂದೆಗೆ ಕಷ್ಟವಾಯಿತು. ಆದರೆ ಅದಿಲ್ಲದಿದ್ದರೆ ಮುಂದೆ ನಿಜವಾಗಿ ಜ್ವರ ಬಂದಾಗಲೂ ಶಾಲೆ ನಂಬದು.

ಬಟ್ಟೆಯ ವಿಷಯದಲ್ಲಿ ಎಡವುವವರು ಬಹಳ. ಹತ್ತಿಯ ಲೆಗ್ಗಿಂಗ್ಸ್, ಉದ್ದ ಟೀಶರ್ಟ್ ನೀರು ಕುಡಿದು ಭಾರವಾಗುತ್ತವೆ, ಈಜುಕೊಳದವರೂ ಬೇಡ ಎನ್ನಬಹುದು. ಈಜುಡುಗೆಯ ಬಟ್ಟೆಯದೇ ಬೇಕು. ಮೇಲಂಗಿ ನೀರಿನಲ್ಲಿ ಮೇಲೇಳದಂತೆ ಪ್ಯಾಂಟಿಗೆ ಕಟ್ಟುವ ಲಾಡಿ ಇರಬೇಕು. ಪಾಠಕ್ಕೆ ಮೊದಲು ಒಂದು ಭಾನುವಾರ ತಾಯಿ ಮಗಳು ಸಾರ್ವಜನಿಕ ಕೊಳಕ್ಕೆ ಹೋಗಿ ತೊಟ್ಟು ನೋಡಲಿ ಎಂದೆವು. ಆ ಕೊಳದ ನಿಯಮವನ್ನು ಮೊದಲೇ ಕೇಳಿಕೊಳ್ಳಬೇಕು. ನಗುವವರಿಗೆ ಹೇಳಲು ಹುಡುಗಿ ತಾನೇ ಒಂದು ಸಾಲು ಹುಡುಕಿಕೊಂಡಳು: "ನನಗೆ ಇದರಲ್ಲೇ ಬೆಚ್ಚಗಿರುತ್ತದೆ."

ತಾಯಿಗೆ, ವಲಸೆ ಬಂದವರಿಗೆಂದು ಇರುವ ಸಮನ್ವಯ (ಇಂಟಿಗ್ರೇಷನ್) ಕೋರ್ಸ್ ಸೂಚಿಸಿದೆವು. ಸಾಮಾನ್ಯ ಕೋರ್ಸಿನಲ್ಲಿ 600 ಪಾಠದ ಅವಧಿ ಭಾಷೆಗೆ, 100 ದೇಶದ ಪರಿಚಯಕ್ಕೆ. ಹೆಂಗಸರಿಗೇ ಎಂದು ನಡೆಯುವ ಕೋರ್ಸೂ ಆಗ ಇತ್ತು, ಅವರು ಅದನ್ನೇ ಆರಿಸಿಕೊಂಡರು.

ಎರಡು ತಿಂಗಳ ನಂತರ ಹುಡುಗಿ 'ಜೇಪ್‌ಫೆರ್ಡ್‌ಖೆನ್' ಎಂಬ, ಈಜು ಕಲಿಯುವ ಮಕ್ಕಳಿಗೆ ಕೊಡುವ ಮೊದಲ ಬ್ಯಾಡ್ಜ್ ಪಡೆದಳು: ಅಂಚಿನಿಂದ ಜಿಗಿದು 25 ಮೀಟರ್ ಈಜಬೇಕು, ಭುಜದೆತ್ತರದ ನೀರಿನಿಂದ ವಸ್ತುವೊಂದನ್ನು ಎತ್ತಿ ತರಬೇಕು. ಅಣಕ ಪೂರ್ತಿ ನಿಂತಿಲ್ಲ. ತರಗತಿಯ ಪ್ರವಾಸದ ಬಗ್ಗೆ ತಂದೆ ಇನ್ನೂ ಒಪ್ಪಿಲ್ಲ. ಮುಂದಿನ ಭೇಟಿಗೆ ಊಟ ಮತ್ತು ಮಲಗುವ ವ್ಯವಸ್ಥೆಯ ಪ್ರಶ್ನೆಗಳನ್ನು ಬರೆದು ತರಲು ಹೇಳಿದ್ದೇವೆ. ಪ್ರವಾಸದ ಪತ್ರದಲ್ಲಿ ದಿನಾಂಕ ಯಾವುದು, ಹಣ ಎಷ್ಟು ಎಂಬುದನ್ನು ಈ ಸಲ ತಾಯಿಯೇ ಓದಿದರು.