ಮಾಂಸ ಬಿಟ್ಟಾಯಿತು, ಅಹಿಂಸೆಯಲ್ಲಿ ಮುಂದೇನು?

"ಜೈನ ಮನೆತನ, ಹುಟ್ಟಿನಿಂದ ಸಸ್ಯಾಹಾರಿ. ದಿನನಿತ್ಯ ದಯೆ ಪಾಲಿಸಲು ಇನ್ನೇನು ಮಾಡಬೇಕು?" ಎಂದು ಕೇಳಿದ್ದೀರಿ.

ಗೃಹಸ್ಥರು ಪಾಲಿಸುವ ಅಹಿಂಸೆಯ ಸಣ್ಣ ವ್ರತವೇ ಅಹಿಂಸಾಣುವ್ರತ. ಅದರ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ಕುಂದು ತರುವ ತಪ್ಪುಗಳನ್ನು, ಬಿಡುವುದರಿಂದ ಶುರು ಮಾಡಿ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧ ಎಂದರೆ ಕೊಲ್ಲುವುದಲ್ಲ, ಹೊಡೆಯುವುದು. ಕಟ್ಟಿಹಾಕುವುದು, ಅಂಗ ಕತ್ತರಿಸುವುದು, ತಾಳಲಾರದಷ್ಟು ಭಾರ ಹೊರಿಸುವುದು, ಹೊತ್ತಿಗೆ ಅನ್ನನೀರು ಕೊಡದಿರುವುದು ಉಳಿದವು. ದನಕರುಗಳಿಗೆ ಹೇಳಿದ್ದೆಂದು ಓದಿ ಮುಂದೆ ಹೋಗಬೇಡಿ. ಹಬ್ಬದ ದಿನ ಮನೆಗೆಲಸದವರಿಗೆ ಮಾಮೂಲಿಗಿಂತ ಎರಡು ಪಟ್ಟು ಪಾತ್ರೆ ಬಿದ್ದರೆ ಅದು ಅತಿಭಾರ. ಅವರ ಊಟ ಮೂರು ಗಂಟೆಗೆ ತಳ್ಳಿದರೆ ಅನ್ನಪಾನನಿರೋಧ. ಗಿಡ್ಡ ಸರಪಳಿಯಲ್ಲಿ ದಿನವಿಡೀ ಕಟ್ಟಿದ ನಾಯಿಯದು ಬಂಧ. ಇರುವೆ ಕಂಡರೆ ಸರಿದು ನಡೆಯುವ ಎಷ್ಟೋ ಜನ ಎಡವುವುದು ಇಲ್ಲೇ. ನನ್ನ ಮಟ್ಟಿಗೆ, ವ್ರತದ ನಿಜವಾದ ಪರೀಕ್ಷೆ ನಮ್ಮ ಕೈಕೆಳಗಿರುವವರ ಜತೆ ನಡೆಯುತ್ತದೆ.

ಇನ್ನು ನೀರು. ಅದರಲ್ಲಿರುವ ಸೂಕ್ಷ್ಮ ಜೀವಿಗಳು ಸಾಯದಿರಲೆಂದು ದಪ್ಪನೆಯ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಬೇಕು. ಹಳೆಯ ತೆಳು ಪಂಚೆ ಸಾಲದು, ಬೆಳಕಿಗೆ ಹಿಡಿದರೆ ಆಚೆಗಿನದು ಕಾಣಬಾರದು. ಸೋಸಿದ ನೀರಿನ ಅವಧಿ ಎರಡು ಗಳಿಗೆ, ಅಂದರೆ 48 ನಿಮಿಷ. ಆಮೇಲೆ ಮತ್ತೆ ಸೋಸಬೇಕು. ಚೆನ್ನಾಗಿ ಕುದಿಸಿದರೆ 24 ಗಂಟೆ.

ತಪ್ಪಾಗುವುದು ಸೋಸಿದ ಮೇಲೆ. ಬಟ್ಟೆ ಹಿಂಡಿ ಒಣಗಲು ಹಾಕಿದರೆ ಯಾವ ಜೀವಕ್ಕಾಗಿ ಸೋಸಿದಿರೋ ಅದೇ ಸಾಯುತ್ತದೆ. ಹಿಂಡದೆ, ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಮೇಲೆ ಹಾಕಿ ಅಂಟಿಕೊಂಡದ್ದನ್ನು ಒಂದು ಬಟ್ಟಲಿಗೆ ಇಳಿಸಿ. ಅದನ್ನು ನೀರು ತಂದ ಬಾವಿಗೇ ಮರಳಿಸಬೇಕು. ಅದೂ ಮೇಲಿನಿಂದ ಸುರಿಯದೆ, ಕೊಡದಲ್ಲಿ ನೀರಿನ ಮಟ್ಟದವರೆಗೆ ಇಳಿಸಿ ಮಗುಚಬೇಕು. ನಲ್ಲಿ ನೀರಿಗೆ ಈ ದಾರಿ ಇಲ್ಲ, ಆದ್ದರಿಂದಲೇ ಕಟ್ಟುನಿಟ್ಟಾಗಿ ನಡೆಯುವವರು ಬಾವಿ ನೀರನ್ನೇ ಹುಡುಕುತ್ತಾರೆ. ನಗರದಲ್ಲಿ ಅದು ಕಷ್ಟ. ಆದರೂ ಸೋಸುವುದನ್ನು ಬಿಡಬೇಡಿ, ಪಾತ್ರೆ ಮುಚ್ಚಿಡಿ, ಬೇಕಾದಷ್ಟೇ ಹಿಡಿಯಿರಿ.

ಎಲ್ಲವನ್ನೂ ಒಮ್ಮೆಗೇ ಹೊತ್ತುಕೊಂಡು ವಾರದಲ್ಲಿ ಕೈಬಿಡುವವರೇ ಹೆಚ್ಚು. ಜೀವನಪೂರ್ತಿ ಹಿಡಿದದ್ದು ಯಮ, ಕಾಲ ಗೊತ್ತುಮಾಡಿ ಹಿಡಿದದ್ದು ನಿಯಮ. ನೀವು ನಿಯಮ ಹಿಡಿಯಿರಿ. ಮೊದಲ ತಿಂಗಳಿಗೆ ಒಂದೇ ಸಾಕು: ನಿಮ್ಮ ಮನೆಯಲ್ಲಿ ದುಡಿಯುವವರು ಉಂಡ ಮೇಲೇ ನಿಮ್ಮ ಊಟ.