ಬರೀ ಲಿಂಕ್ ಕಳಿಸಬೇಡಿ, ಏನು ಕೇಳಬೇಕು ಅಂತಲೂ ಹೇಳಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಯಾಂಡ್‌ಗಳ ಬಗ್ಗೆಯೇ. ಸಿನಿಮಾದವರ ಹಂಗಿಲ್ಲದೆ, ದೊಡ್ಡ ಆಡಿಯೋ ಕಂಪನಿಗೆ ಕಾಯದೆ ತಮ್ಮ ಪಾಡಿಗೆ ಹಾಡು ಕಟ್ಟಿ, ವಿಡಿಯೋನೂ ತಾವೇ ಮಾಡಿಕೊಳ್ಳುವ ಬ್ಯಾಂಡ್‌ಗಳು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ಸಾರ್, ನಮ್ಮ ಕಾಲೇಜು ಗ್ರೂಪಿನಲ್ಲಿ ದಿನಾ ಯಾರಾದರೂ ಒಂದು ಬ್ಯಾಂಡ್ ವಿಡಿಯೋ ಹಾಕ್ತಾರೆ, ಜೊತೆಗೆ ಬೆಂಕಿ ಇಮೋಜಿ, ಅಷ್ಟೇ. ನಾನಂತೂ ತೆರೆಯೋದೇ ಇಲ್ಲ. ನಾನು ಹಾಕಿದ್ದನ್ನೂ ಯಾರೂ ನೋಡಲ್ಲ, ಅದು ಬೇರೆ ಮಾತು. ಕನ್ನಡದಲ್ಲಿ ಹಾಡುವ ಬ್ಯಾಂಡ್‌ಗಳನ್ನು ಎಲ್ಲಿಂದ ಕೇಳೋಕೆ ಶುರು ಮಾಡಲಿ?
(ಶಿವಮೊಗ್ಗದಿಂದ ವಿದ್ಯಾರ್ಥಿನಿ)

ಉತ್ತರ: ನೋಡಮ್ಮ, ಬೆಂಕಿ ಇಮೋಜಿ ನೋಡಿ ಯಾರೂ ಐದು ನಿಮಿಷ ಕೊಡಲ್ಲ. 'ಮೂರನೇ ನಿಮಿಷದಲ್ಲಿ ಪಿಟೀಲು ಬರುತ್ತೆ, ಅಲ್ಲಿ ಕೇಳು' ಅಂತ ಒಂದು ಸಾಲು ಬರೆದು ಹಾಕು, ನಾಲ್ಕು ಜನ ತೆರೆದೇ ತೆರೀತಾರೆ.

ಶುರು ಮಾಡೋಕೆ ಬೆಂಗಳೂರಿನ ಬ್ಯಾಂಡ್ ರಘು ದೀಕ್ಷಿತ್ ಪ್ರಾಜೆಕ್ಟ್. ಗೊತ್ತಿರೋದೇ ಹೇಳ್ತಾರಲ್ಲ ಅನ್ಬೇಡ. ಹಾಡು ಗೊತ್ತಿರುತ್ತೆ, ಲೈವ್ ನೋಡಿರಲ್ಲ. ಮೊದಲ ಆಲ್ಬಂ 2008ರದ್ದು. ಅದರಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯಾ ಸೇದಿ ನೋಡೋ' ಇದೆ. ಮೊದಲು ಆಲ್ಬಂನಲ್ಲಿ ಕೇಳು. ಆಮೇಲೆ ಯಾವುದಾದರೂ ಬಯಲು ವೇದಿಕೆಯಲ್ಲಿ, ಸಾವಿರಾರು ಜನರ ಮುಂದೆ ಹಾಡಿದ ವಿಡಿಯೋ ಹುಡುಕು. ತತ್ವಪದ ಹುಟ್ಟಿದ್ದೇ ಗುಂಪಿನಲ್ಲಿ ಹಾಡೋಕೆ. ಭಜನೆಯಲ್ಲಿ ಮುಮ್ಮೇಳದವನು ಒಂದು ಸಾಲು ಎತ್ತಿದರೆ ಹಿಮ್ಮೇಳದವರು ತಿರುಗಿ ಹೇಳ್ತಾರೆ. ಸ್ಟುಡಿಯೋದಲ್ಲಿ ಆ ಹಿಮ್ಮೇಳ ಎಲ್ಲಿಂದ ಬರಬೇಕು? ಲೈವ್‌ನಲ್ಲಿ ಬರುತ್ತೆ, ಟಿಕೆಟ್ ಕೊಟ್ಟು ಒಳಗೆ ಬಂದವರೇ ಹಿಮ್ಮೇಳ. ಡ್ರಮ್ಸು, ಎಲೆಕ್ಟ್ರಿಕ್ ಗಿಟಾರು ಎಲ್ಲ ಇದ್ದರೂ ಪದ ತನ್ನ ಹಳೇ ಜಾಗಕ್ಕೆ ವಾಪಸ್ ಬಂದು ಕೂತ ಹಾಗಿರುತ್ತೆ. ಬಣ್ಣದ ಲುಂಗಿ ಕಟ್ಟಿ, ಕಾಲಿಗೆ ಗೆಜ್ಜೆ ಹಾಕಿಕೊಂಡು ಗಾಯಕ ರಘು ದೀಕ್ಷಿತ್ ಕುಣಿಯೋದನ್ನು ಸುಮ್ನೆ ವೇಷ ಅಂದುಕೊಳ್ಳಬೇಡ, ಭರತನಾಟ್ಯ ಕಲಿತವರು ಅವರು.

ಇನ್ನೊಂದು, ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಕಾರ್ಯಕ್ರಮದಲ್ಲಿ ಇವರು 2010ರಲ್ಲಿ ಹಾಡಿದ್ದು. ಆ ಕಾರ್ಯಕ್ರಮದ ಮಜಾ ಏನಪ್ಪಾ ಅಂದ್ರೆ, ಒಂದೇ ಸ್ಟುಡಿಯೋದಲ್ಲಿ ಎಲ್ಲ ಬ್ಯಾಂಡ್‌ಗಳನ್ನೂ ಸುತ್ತಲೂ ನಿಲ್ಲಿಸಿರ್ತಾರೆ. ಒಬ್ಬರು ನುಡಿಸುವಾಗ ಉಳಿದವರು ಎದುರಿಗೇ ನಿಂತು ನೋಡಬೇಕು. ತಪ್ಪಿಸಿಕೊಳ್ಳೋಕೆ ಜಾಗ ಇಲ್ಲ. ಅದಾದ ಮೇಲೆ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಆಲ್ಬಂ ಮೊದಲ ಸ್ಥಾನಕ್ಕೆ ಹೋಯ್ತು, ಮುಂದಿನ ವರ್ಷ ಇಂಗ್ಲೆಂಡಿನ ದೊಡ್ಡ ಸಂಗೀತ ಜಾತ್ರೆ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಕರೆ ಬಂತು. ಒಂದು ಲೈವ್ ವಿಡಿಯೋ ಏನು ಮಾಡಬಹುದು ಅನ್ನೋದಕ್ಕೆ ಇದು ಸಾಕು ಅಲ್ವಾ?

ಆಮೇಲೆ ಸ್ವರಾತ್ಮ. ಇದೂ ಬೆಂಗಳೂರಿನ ಬ್ಯಾಂಡ್. ಹಿಂದಿಯಲ್ಲೂ ಹಾಡ್ತಾರೆ, ಕನ್ನಡದಲ್ಲೂ ಹಾಡ್ತಾರೆ. ಗಾಯಕ ವಾಸು ದೀಕ್ಷಿತ್ ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ವೇದಿಕೆ ಮೇಲೆ ಬರುವ ವಿಡಿಯೋಗಳಿವೆ, ಅದನ್ನೇ ನೋಡು. ಜಾತ್ರೆ ಮೆರವಣಿಗೆಯಲ್ಲಿ ಕೀಲುಕುದುರೆ ನೋಡಿ ಬೆಳೆದ ನಮಗೆ ಅದು ವಿಚಿತ್ರ ಅನಿಸೋದೇ ಇಲ್ಲ. ರಾಕ್ ಕಾನ್ಸರ್ಟಿಗೆ ಅಂತ ಬಂದು ನಿಂತವರ ಮುಖ ನೋಡಬೇಕು! 2009ರ ಮೊದಲ ಆಲ್ಬಂನಲ್ಲಿ ಕಾವೇರಿ ನದಿಯೇ ತನ್ನ ಕಥೆ ಹೇಳಿಕೊಳ್ಳುವ ಒಂದು ಹಾಡಿದೆ. ಹಿಂದಿಯಲ್ಲಿದೆ. ನದಿ ನಮ್ಮದು, ಜಗಳ ನಮ್ಮದು, ಭಾಷೆ ಮಾತ್ರ ಹಿಂದಿ. ಅದು ನನಗೆ ಸ್ವಲ್ಪ ಚುಚ್ಚುತ್ತೆ, ಆದರೂ ಹಾಡು ಚೆನ್ನಾಗಿದೆ.

ಪ್ರಶ್ನೆ: ಬ್ಯಾಂಡ್ ಅಂದ್ರೆ ಇಂಗ್ಲಿಷ್ ಹಾಡೋರು ತಾನೇ? ನಮ್ಮೋರು ಅಂತ ಯಾಕೆ ಹೇಳ್ಕೋಬೇಕು?
(ಮಂಡ್ಯ)

ಉತ್ತರ: ಥರ್ಮಲ್ ಅಂಡ್ ಎ ಕ್ವಾರ್ಟರ್ ಅಂತ ಒಂದು ಬ್ಯಾಂಡಿದೆ. 1996ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿದ್ದು. ಹಾಡೋದು ಇಂಗ್ಲಿಷ್. ಆದರೆ 2012ರಲ್ಲಿ ಆಟೋರಿಕ್ಷಾವನ್ನೇ ಮುಂದಿಟ್ಟುಕೊಂಡು ಒಂದು ಆಲ್ಬಂ ತಂದರು, ಒಂದಲ್ಲ, ಮೂರು ಭಾಗದ್ದು. ಮೀಟರ್ ಮೇಲೆ ಎಷ್ಟು ಕೊಡಬೇಕು ಅಂತ ಚೌಕಾಸಿ ಮಾಡಿದವನಿಗೆ ಮಾತ್ರ ಹೊಳೆಯೋ ಐಡಿಯಾ ಅದು. ನಮ್ಮೋರಲ್ಲದೆ ಇನ್ಯಾರು?

ಪ್ರಶ್ನೆ: ನಮ್ಮಪ್ಪ ಸಂಗೀತ ಕೇಳೋರು. ಅಂದ್ರೆ ಕರ್ನಾಟಕ ಸಂಗೀತ ಮಾತ್ರ. ನಾನು ಯಾವ ಬ್ಯಾಂಡ್ ಹಾಕಿದರೂ 'ಆ ಗಲಾಟೆ ನಿಲ್ಸೋ' ಅಂತಾರೆ. ಅವರಿಗೆ ಯಾವುದನ್ನು ತೋರಿಸಲಿ?
(ಮೈಸೂರು)

ಉತ್ತರ: ಅಗಂ. ಬೆಂಗಳೂರಿನವರೇ, ಹರೀಶ್ ಶಿವರಾಮಕೃಷ್ಣನ್ ಹಾಡುವ ಬ್ಯಾಂಡ್. ತಿರುವಾಂಕೂರಿನ ರಾಜ, ವಾಗ್ಗೇಯಕಾರ ಸ್ವಾತಿ ತಿರುನಾಳರ ಧನಶ್ರೀ ತಿಲ್ಲಾನವನ್ನು ಇವರು ಮಾಡಿದ್ದಾರೆ, ಅದನ್ನು ಹಾಕಿ. ಆದರೆ ಹಾಕುವ ರೀತಿ ಒಂದಿದೆ. ಮೊದಲಿಗೆ ಟಿವಿಗೆ ಹಾಕಬೇಡಿ. ಗಿಟಾರ್ ಹಿಡಿದು ಕೂದಲು ಬಿಟ್ಟವರನ್ನು ನೋಡಿದ ಕೂಡಲೇ ಅಪ್ಪ ಎದ್ದು ಹೋಗ್ತಾರೆ. ಸ್ಪೀಕರಿನಲ್ಲಿ ಸುಮ್ನೆ ಕೇಳಿಸಿ. ತಿಲ್ಲಾನದ ಜತಿಗಳು, ಅದೇ 'ತಕಧಿಮಿ' ಥರದ ಸೊಲ್ಲುಗಳು, ಮೃದಂಗಕ್ಕೆ ಹೇಳಿ ಮಾಡಿಸಿದ್ದು ಅಲ್ವಾ, ಅದೇ ಜಾಗದಲ್ಲಿ ಇಲ್ಲಿ ಡ್ರಮ್ಸ್ ಬಂದು ಕೂತಿರುತ್ತೆ. ಗಿಟಾರ್ ಎಲ್ಲಿ ಗಮಕ, ಅಂದ್ರೆ ಸ್ವರದ ಓಲಾಟ, ಹಿಡಿಯುತ್ತೆ, ಎಲ್ಲಿ ಜಾರುತ್ತೆ ಅಂತ ನಿಮ್ಮಪ್ಪನಿಗೇ ಕೇಳಿ. ತಪ್ಪು ಹುಡುಕೋಕೆ ಅಂತಾದರೂ ಪೂರ್ತಿ ಕೇಳ್ತಾರೆ. ಸಂಗೀತ ಗೊತ್ತಿರುವ ಹಿರಿಯರನ್ನು ಕೂರಿಸೋಕೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಕಂಡಿಲ್ಲ.

ಅವರು ಬಗ್ಗಿದರೆ ಮುಂದಿನ ವಾರ ದಿಲ್ಲಿಯ ಇಂಡಿಯನ್ ಓಷನ್. ಬಗ್ಗದಿದ್ದರೆ ಹೆಡ್‌ಫೋನ್ ತಗೊಳ್ಳಿ.

ಪ್ರಶ್ನೆ: ಕಾನ್ಸರ್ಟಿಗೆ ಹೋದಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡ್ತೀನಿ. ಅಲ್ಲಿ ಕೇಳುವಾಗ ಅದ್ಭುತವಾಗಿರುತ್ತೆ. ಮನೆಗೆ ಬಂದು ಹಾಕಿದರೆ ಬರೀ 'ದಬ್ ದಬ್', ಹಾಡೋದೇ ಕೇಳಲ್ಲ. ಫೋನು ಬದಲಾಯಿಸಬೇಕಾ?
(ಹುಬ್ಬಳ್ಳಿ)

ಉತ್ತರ: ಫೋನು ಬದಲಾಯಿಸಬೇಡಿ, ನಿಂತ ಜಾಗ ಬದಲಾಯಿಸಿ.

ಫೋನಿನ ಮೈಕು ಇರೋದು ಮಾತಾಡೋಕೆ. ಅದಕ್ಕೊಂದು ಅಭ್ಯಾಸ: ಜೋರು ಸದ್ದು ಬಂದ ತಕ್ಷಣ ತಾನಾಗಿಯೇ ವಾಲ್ಯೂಮ್ ಇಳಿಸಿಕೊಳ್ಳುತ್ತೆ, ಸದ್ದು ಕಡಿಮೆಯಾದರೆ ಏರಿಸುತ್ತೆ. ದೊಡ್ಡ ಡ್ರಮ್ಮಿಗೆ ಕಾಲಿನಿಂದ ಹೊಡೆಯುವ ಕಿಕ್ ಬಿದ್ದಾಗೆಲ್ಲ ಅದು ಬೆಚ್ಚಿ ಎಲ್ಲವನ್ನೂ ಒಟ್ಟಿಗೆ ಇಳಿಸಿಬಿಡುತ್ತೆ, ಅದರ ಜೊತೆಗೆ ಹಾಡುವವರ ದನಿಯೂ ಮುಳುಗುತ್ತೆ. ನೀವು ಸ್ಪೀಕರ್ ಬಾಕ್ಸಿನ ಎದುರಿಗೇ ನಿಂತಿದ್ದರಂತೂ ಮುಗೀತು, ಬೇಸ್ ತಡೆಯೋಕಾಗದೆ ಸದ್ದು ಒಡೆದೇ ಹೋಗುತ್ತೆ. ನಮ್ಮ ಕಿವಿ ಹಾಗಲ್ಲ. ಆ ಗದ್ದಲದ ಮಧ್ಯೆಯೂ ಬೇಕಾದ್ದನ್ನು ಹೆಕ್ಕಿಕೊಳ್ಳುತ್ತೆ.

ಪರಿಹಾರ ಸುಲಭ. ಮೈದಾನದ ಮಧ್ಯೆ, ವೇದಿಕೆಗೆ ನೇರ ಎದುರಿಗೆ ಒಂದು ಸಣ್ಣ ಡೇರೆ ಹಾಕಿ, ಮಿಕ್ಸರ್ ಇಟ್ಟುಕೊಂಡು ಸೌಂಡ್ ಎಂಜಿನಿಯರ್ ಕೂತಿರ್ತಾರಲ್ಲ, ಅವರ ಪಕ್ಕ ಹೋಗಿ ನಿಲ್ಲಿ. ಆ ಮನುಷ್ಯ ಇಡೀ ಕಾನ್ಸರ್ಟನ್ನು ತನ್ನ ಕಿವಿಗೆ ಸರಿಹೋಗುವ ಹಾಗೆ ಹೊಂದಿಸ್ತಿರ್ತಾನೆ. ಅವನಿಗೆ ಚೆನ್ನಾಗಿ ಕೇಳಿಸೋದು ನಿಮಗೂ ಕೇಳಿಸುತ್ತೆ. ಫೋನು ಅಡ್ಡ ಹಿಡೀರಿ. ಮೈಕಿನ ತೂತು ಅಂಗೈಯಿಂದ ಮುಚ್ಚಿದೆಯಾ ನೋಡಿ, ಮುಕ್ಕಾಲು ಜನ ಇದನ್ನೇ ಮಾಡೋದು. ಮತ್ತೆ ಒಂದು ಹಾಡು ರೆಕಾರ್ಡ್ ಮಾಡಿ ಫೋನ್ ಜೇಬಿಗೆ ಹಾಕಿಕೊಳ್ಳಿ. ಹಿಂದೆ ನಿಂತವರು ದುಡ್ಡು ಕೊಟ್ಟಿರೋದು ನಿಮ್ಮ ಸ್ಕ್ರೀನ್ ನೋಡೋಕಲ್ಲ.

ಬ್ಯಾಂಡ್‌ನವರು ತಾವೇ ಹಾಕುವ ಲೈವ್ ವಿಡಿಯೋ ಯಾಕೆ ಅಷ್ಟು ಚೆನ್ನಾಗಿರುತ್ತೆ ಅಂತ ಇನ್ನೊಬ್ಬರು ಬೀದರ್‌ನಿಂದ ಕೇಳಿದ್ದಾರೆ. ಒಂದೊಂದು ವಾದ್ಯ, ಒಂದೊಂದು ಮೈಕು ಬೇರೆಬೇರೆಯಾಗಿ ರೆಕಾರ್ಡ್ ಆಗಿರುತ್ತೆ, ಆಮೇಲೆ ಕೂತು ಮಿಕ್ಸ್ ಮಾಡಿರ್ತಾರೆ. ಜನರ ಚಪ್ಪಾಳೆಗೂ ಬೇರೆ ಮೈಕು ಇಡಬೇಕು. ಅದನ್ನು ಇಡೋಕೆ ಮರೆತರೆ ಹಾಡು ಚೊಕ್ಕವಾಗಿರುತ್ತೆ, ಆದರೆ ಖಾಲಿ ಕಲ್ಯಾಣ ಮಂಟಪದಲ್ಲಿ ಹಾಡಿದ ಹಾಗೆ ಕೇಳುತ್ತೆ.

ಪ್ರಶ್ನೆ: ನಮ್ಮ ಪೇಜಿನಲ್ಲಿ ಒಂದು ಬ್ಯಾಂಡಿನ ಲೈವ್ ವಿಡಿಯೋ ಡೌನ್‌ಲೋಡ್ ಮಾಡಿ ಹಾಕಿದ್ವಿ. ಶರೀಫರ ಪದ. ಅದಕ್ಕೆ ಕಾಪಿರೈಟ್ ಅಂತ ನೋಟಿಸ್ ಬಂತು. ಶರೀಫರ ಪದಕ್ಕೆ ಯಾರಪ್ಪಾ ಮಾಲೀಕರು?
(ಹಾವೇರಿ)

ಉತ್ತರ: ಪದಕ್ಕೆ ಯಾರೂ ಇಲ್ಲ. ಶರೀಫರು ತೀರಿಕೊಂಡದ್ದು 1889ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಸಾಹಿತ್ಯ ಎಲ್ಲರದ್ದು. ವಚನವೂ ಹಾಗೆ, ದಾಸರ ಪದವೂ ಹಾಗೆ. ನೀವೇ ಹಾಡಿ ಹಾಕಿ, ಯಾರೂ ಕೇಳಲ್ಲ. ಆದರೆ ಆ ಪದಕ್ಕೆ ಹೊಸದಾಗಿ ರಾಗ ಹಾಕಿದವರು ಇದ್ದರೆ ಆ ಮಟ್ಟು ಅವರದ್ದು. ಶರೀಫರ ಪದಗಳಿಗೆ ರಾಗ ಹಾಕಿದ ಸಿ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ, ಅವರು ಹಾಕಿದ ಮಟ್ಟುಗಳಿಗೆ ಇನ್ನೂ ತುಂಬಾ ವರ್ಷ ಹಕ್ಕಿರುತ್ತೆ. ಇನ್ನು ಬ್ಯಾಂಡ್ ಮಾಡಿದ ರೆಕಾರ್ಡಿಂಗ್ ಇದೆಯಲ್ಲ, ಅದು ಬೇರೆಯದೇ ಆಸ್ತಿ, ಬಿಡುಗಡೆಯಾಗಿ 60 ವರ್ಷದವರೆಗೆ ಅದಕ್ಕೂ ಹಕ್ಕಿದೆ. ನೀವು ಎತ್ತಿಕೊಂಡಿದ್ದು ಶರೀಫರನ್ನಲ್ಲ, ಆ ರೆಕಾರ್ಡಿಂಗನ್ನ.

ಕಾನೂನು ಬಿಡಿ. ಡೌನ್‌ಲೋಡ್ ಮಾಡಿ ನಿಮ್ಮ ಪೇಜಿಗೆ ಹಾಕಿದರೆ ನೋಡಿದವರ ಲೆಕ್ಕ ನಿಮಗೆ ಸೇರುತ್ತೆ, ಬ್ಯಾಂಡ್‌ಗೆ ಸೊನ್ನೆ. ಈ ಲೆಕ್ಕ ತೋರಿಸಿಯೇ ಅವರು ಮುಂದಿನ ಕಾರ್ಯಕ್ರಮ ಕೇಳೋದು. ಲಿಂಕ್ ಹಾಕೋಕೆ ನಿಮಗೇನು ಕಷ್ಟ? ಉಚಿತವಾಗಿ ಕೊಡಬೇಕು ಅಂತ ಬ್ಯಾಂಡ್‌ಗೇ ಅನಿಸಿದರೆ ಅವರೇ ಕೊಡ್ತಾರೆ. ಇಂಡಿಯನ್ ಓಷನ್‌ನವರು 2010ರಲ್ಲಿ ಒಂದು ಆಲ್ಬಂನ ಹಾಡುಗಳನ್ನು ಒಂದೊಂದಾಗಿ ಜನರಿಗೆ ಪುಕ್ಕಟೆ ಬಿಟ್ಟರು. ಆಲ್ಬಂನ ಹೆಸರೇ ದಿಲ್ಲಿಯಲ್ಲಿ ಅವರು ಅಭ್ಯಾಸ ಮಾಡ್ತಿದ್ದ ಹಳೇ ಮನೆಯ ವಿಳಾಸ. ಅದು ಅವರ ಇಷ್ಟ. ನಾವು ಕಿತ್ತುಕೊಳ್ಳೋದು ಬೇರೆ.

ಪ್ರಶ್ನೆ: ಕಿರುಚಾಡೋ ಮೆಟಲ್ ಬ್ಯಾಂಡ್ ಕರ್ನಾಟಕದಲ್ಲಿ ಇದೆಯಾ?
(ಉಡುಪಿ)

ಉತ್ತರ: ಇದೆಯಾ ಅಂತೀರಾ! ಕ್ರಿಪ್ಟೋಸ್. 1998ರಿಂದ ಬೆಂಗಳೂರಿನಲ್ಲಿದ್ದಾರೆ. ಜರ್ಮನಿಯ ವಾಕೆನ್ ಅನ್ನೋ ಪುಟ್ಟ ಹಳ್ಳಿಯಲ್ಲಿ ಪ್ರತಿ ಬೇಸಿಗೆ ಮೆಟಲ್ ಜಾತ್ರೆ ನಡೆಯುತ್ತೆ, 2013ರಲ್ಲಿ ಇವರು ಅಲ್ಲಿ ನುಡಿಸಿದರು. ಭಾರತದಿಂದ ಅಲ್ಲಿಗೆ ಹೋದ ಮೊದಲ ಬ್ಯಾಂಡ್. ರಾತ್ರಿ ಮನೆಯವರು ಮಲಗಿದ ಮೇಲೆ ಹಾಕಬೇಡಿ.

ಪ್ರಶ್ನೆ: ಸಾರ್, ನಾವು ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟಿದ್ದೀವಿ. ಒಂದು ಹಾಡು ಆಗಿದೆ. ವಿಡಿಯೋ ಮಾಡಿಕೊಡೋರು ಡ್ರೋನ್, ಡ್ಯಾನ್ಸರ್ಸ್ ಅಂತ ಸೇರಿಸಿ ಬಿಲ್ ಹೇಳಿದರೆ ತಲೆ ತಿರುಗುತ್ತೆ. ಏನು ಮಾಡೋದು?
(ದಾವಣಗೆರೆ)

ಉತ್ತರ: ಡ್ರೋನ್ ಬೇಡ. ಭತ್ತದ ಗದ್ದೆ ಮೇಲಿಂದ ಹಾರಿ, ಗುಡ್ಡದ ತುದಿಯಲ್ಲಿ ಗಿಟಾರ್ ಹಿಡಿದು ನಿಂತವನ ಸುತ್ತ ಸುತ್ತುವ ಶಾಟ್ ನೋಡಿ ನೋಡಿ ನನಗೆ ಸಾಕಾಗಿದೆ. ಅದರಲ್ಲೂ ಆ ಗಿಟಾರಿಗೆ ವೈರೇ ಇರಲ್ಲ.

ಅಮೆರಿಕದ ಓಕೆ ಗೋ ಬ್ಯಾಂಡ್ 2006ರಲ್ಲಿ ಒಂದು ವಿಡಿಯೋ ಮಾಡಿತು. ಜಿಮ್‌ನಲ್ಲಿ ಓಡುವ ಟ್ರೆಡ್‌ಮಿಲ್ ಇರುತ್ತಲ್ಲ, ಅಂಥವು ಎಂಟು. ನಾಲ್ಕು ಜನ ಅದರ ಮೇಲೆ ಕುಣೀತಾರೆ. ಕ್ಯಾಮೆರಾ ಅಲ್ಲಾಡಲ್ಲ, ಮಧ್ಯೆ ಕಟ್ ಇಲ್ಲ, ಒಂದೇ ಟೇಕ್. ಕುಣಿತ ಹೇಳಿಕೊಟ್ಟಿದ್ದು ಗಾಯಕನ ಅಕ್ಕ. ಮುಂದಿನ ವರ್ಷ ಅದಕ್ಕೆ ಗ್ರ್ಯಾಮಿ ಬಂತು. ಒಂದು ಐಡಿಯಾ, ಬೇಜಾನ್ ಅಭ್ಯಾಸ.

ಅಂಥ ಐಡಿಯಾ ಹೊಳೆಯದಿದ್ದರೂ ಪರವಾಗಿಲ್ಲ. ನೀವು ಅಭ್ಯಾಸ ಮಾಡುವ ಕೋಣೆಯಲ್ಲೇ ಲೈವ್ ಆಗಿ ನುಡಿಸಿ ಶೂಟ್ ಮಾಡಿ. ಇರುವ ದುಡ್ಡಲ್ಲಿ ಮುಕ್ಕಾಲು ಸೌಂಡಿಗೆ ಹಾಕಿ. ಚಿತ್ರ ಮಸುಕಾಗಿದ್ದರೂ ಜನ ನೋಡ್ತಾರೆ, ಸದ್ದು ಕೆಟ್ಟರೆ ಹತ್ತು ಸೆಕೆಂಡಿಗೆ ಎದ್ದು ಹೋಗ್ತಾರೆ. ಕಿಟಕಿಗೆ ಕಂಬಳಿ ಕಟ್ಟಿ, ನೆಲಕ್ಕೆ ಜಮಖಾನ ಹಾಸಿ, ಗೋಡೆಗೆ ಬಡಿದು ಬರುವ ಸದ್ದು ಎಷ್ಟೋ ಕಡಿಮೆಯಾಗುತ್ತೆ. ಫ್ಯಾನ್ ಆಫ್ ಮಾಡಿ. ದಾವಣಗೆರೆ ಸೆಕೆಗೆ ಕಷ್ಟ, ಗೊತ್ತು. ಬೆಳಗ್ಗೆ ಬೇಗ ಶೂಟ್ ಮಾಡಿ. ಎರಡು ಫೋನಿನಲ್ಲಿ ಎರಡು ಕಡೆಯಿಂದ ಚಿತ್ರ ತೆಗೀರಿ, ಶುರುವಿನಲ್ಲಿ ಒಂದು ಸಲ ಜೋರಾಗಿ ಚಪ್ಪಾಳೆ ಹೊಡೀರಿ, ಎಡಿಟ್ ಮಾಡುವಾಗ ಆ ಚಪ್ಪಾಳೆ ಹಿಡಿದು ಚಿತ್ರಕ್ಕೂ ಸದ್ದಿಗೂ ತಾಳೆ ಹಾಕಬಹುದು. ವಿಡಿಯೋ ಕೆಳಗೆ ಹಾಡಿನ ಸಾಹಿತ್ಯ ಪೂರ್ತಿ ಕನ್ನಡದಲ್ಲಿ ಹಾಕಿ. ನುಡಿಸಿದವರ ಹೆಸರು, ಸೌಂಡ್ ಮಾಡಿದವರ ಹೆಸರು ಬಿಡಬೇಡಿ.

ಆಮೇಲೆ ನನಗೂ ಲಿಂಕ್ ಕಳಿಸಿ. ಎಷ್ಟನೇ ನಿಮಿಷ ಕೇಳಬೇಕು ಅಂತ ಬರೆಯದಿದ್ದರೆ ತೆರೆಯಲ್ಲ.